ಹತ್ತೊಂಬತ್ತು ಸಲ ಸಾಕು

"ನಮ್ಮ ಕಡಿ ಊಟಕ್ಕ ಕುಂತವರು ಸಾಕು ಅಂದ್ರ ಅದು ಸಾಕು ಅಲ್ರಿ. ನಿಮಗ ಗೊತ್ತದ. ಒಂದು ಸಾಕಿಗೆ ಇನ್ನೊಂದು ರೊಟ್ಟಿ ಬೀಳ್ತದ, ಎರಡನೇ ಸಾಕಿಗೆ ಅರ್ಧ ಬೀಳ್ತದ. ಗಂಗಾಳದ ಮ್ಯಾಲ ಕೈ ಅಡ್ಡ ಹಿಡದ್ರ ಕೈ ಮ್ಯಾಲೇ ಬ್ಯಾಳಿ ಸುರೀತಾರ, ಬೆರಳಸಂದ್ಯಾಗಿಂದ ಇಳದು ಹೋಗ್ತದ. ಹಂಗ ನೀಡಲಿಲ್ಲ ಅಂದ್ರ ಬೀಗರು ಊರಿಗಿ ಹೋಗಿ, ಸಾಕು ಅಂದ ಕೂಡ್ಲೇ ಬುಟ್ಟಿ ಮುಚ್ಚಿದ್ರು ನೋಡ್ ಬೇ, ಅಂತ ಆಡ್ಕೋತಾರ. ನಾನೂ ಹಂಗೇ ನೀಡಿ ಬೆಳದಾಕಿ. ಹಂತಾಕಿಗೆ ಒಂದು ಕೂಸು ಬಂದು, ಸಾಕು ಅಂದ್ರ ಸಾಕು ಅಂತ ಕಲಿಸ್ತು. ಬಾಯಿಲೆ ಅಲ್ರಿ, ಅದಕ್ಕ ಮಾತು ಬರಂಗಿಲ್ಲ. ನನ್ನ ಮುಂಗೈ ಮ್ಯಾಲ ಅಂಗೈ ಇಡ್ತಿತ್ತು. ಅಷ್ಟೇ. ಬೆಚ್ಚಗ ಇರ್ತಿತ್ತು ಆ ಕೈ, ಜರಾ ಅಂಟಂಟು, ಬೆಲ್ಲ ತಿಂದ ಕೈ. ಇಟ್ಟ ಕೂಡ್ಲೇ ನಾ ನಿಂದರಸ್ತಿದ್ದೆ. ಏನ್ ಮಾಡಾಕತ್ತಿದ್ರೂ ನಿಂದರಸ್ತಿದ್ದೆ. ಆರು ತಿಂಗಳು ಹಂಗ ನಡಸೀವಿ. ಆಮ್ಯಾಲ ಒಂದಿನ ನಿಂದರಸಲಿಲ್ಲ. ಮಂದಿ ಕುಂತಿದ್ರು, ಸರ್ ನಿಂತಿದ್ರು, ನಾ ನಿಂದರಸಲಿಲ್ಲ. ಆಕಿ ಹತ್ತೊಂಬತ್ತು ಸಲ ಕೈ ಇಟ್ಟಳು. ಅಂದಾಜು ಹೇಳಾಕತ್ತಿಲ್ಲ, ಎಣಿಸೀನಿ. ಎಣಿಸೋದೇ ನನ್ನ ಕೆಲಸ. ಇಪ್ಪತ್ತನೇ ಸಲ ಇಡಲಿಲ್ಲ. ಸರ್ ನನಗ ಮೋಸ ಮಾಡಿದ್ರು ಅಂತ ನಾ ನಾಕು ಮಂದಿ ಮುಂದ ಅಳಬಹುದು. ಆ ಕೂಸು ಯಾರ ಮುಂದ ಹೇಳಬೇಕು?"

ಹೀಗೆ ಹೇಳುವ ಸುವರ್ಣಾಳಿಗೆ ಈಗ ಮೂವತ್ತಾರು ವರ್ಷ. ಹುಟ್ಟಿದ್ದು ಅಫಜಲಪುರ ತಾಲೂಕಿನ ಕರಜಗಿಯಲ್ಲಿ, ಕೊಟ್ಟದ್ದು ಜೇವರ್ಗಿಗೆ. ಗಂಡ ಶಂಕರಲಿಂಗ ಟಂಟಂ ಆಟೋ ಹೊಡೆಯುತ್ತಾನೆ. ಕೊಳಕೂರ, ಜೇವರ್ಗಿ, ಮತ್ತೆ ಕೊಳಕೂರ. ಹತ್ತನೇ ಇಯತ್ತೆ ಪಾಸಾದ ಸುವರ್ಣಾ, ವಿಜಾಪುರ ರೋಡಿಗೆ ಇದ್ದ ಒಂದು ಮಕ್ಕಳ ಸೆಂಟರಿಗೆ ಕಸ ಹೊಡೆಯಲು ಸೇರಿದವಳು. ಗೊಬ್ಬರದಂಗಡಿಯ ಮೇಲೆ ಎರಡು ಖೋಲಿ. ಮಾತು ತಡವಾದ ಮಕ್ಕಳು, ಕಣ್ಣಿಗೆ ಕಣ್ಣು ಕೊಡದ ಮಕ್ಕಳು, ಕೂತಲ್ಲಿ ಕೂರದ ಮಕ್ಕಳು ಅಲ್ಲಿಗೆ ಬರುತ್ತಿದ್ದವು. ಸುವರ್ಣಾ ಕಸಬರಿಗೆ ಹಿಡಿದು ಮೂಲೆಯಲ್ಲಿ ನಿಂತು ನೋಡುತ್ತಿದ್ದಳು.

ಸೆಂಟರ್ ನಡೆಸುತ್ತಿದ್ದವರು ಗುರುಲಿಂಗ ಸರ್. ಹೈದರಾಬಾದಿನಲ್ಲಿ ಕಲಿತು ಬಂದವರು, ಮಾತು ಮೆತ್ತಗೆ, ಅಂಗಿ ಯಾವಾಗಲೂ ಇಸ್ತ್ರಿ. ಒಂದು ದಿನ ಅವರೇ ಕೇಳಿದರು, "ಸುವರ್ಣಾ, ಆ ಕೂಸು ಯಾಕ ಗ್ವಾಡಿಗಿ ತಲಿ ಬಡ್ಕೊಳ್ತು, ಹೇಳು ನೋಡೋಣ."

"ಮ್ಯಾಲಿನ ಫ್ಯಾನ್ ಹಚ್ಚಿದ್ರಲ್ಲ ಸರ್, ಅದು ಕಿರ್ ಅಂತು. ತಲಿ ಬಡ್ಕೊಂಡ್ತು. ನೀವು ಎತ್ಕೊಂಡು ಹೊರಗ ಒಯ್ದ್ರಿ. ಸುಮ್ಮಾತು."

ಸರ್ ಆಕೆಯ ಕಡೆಗೆ ತಿರುಗಿದರು. "ಮೊದಲ ಏನಾತು, ಕೂಸು ಏನ್ ಮಾಡ್ತು, ಆಮ್ಯಾಲ ಏನಾತು. ಈ ಮೂರು ಮಾತು ಬರೋಬ್ಬರಿ ಹೇಳಾಕ ಟ್ರೇನಿಂಗಿನವರಿಗೆ ನಾ ಒಂದು ತಿಂಗಳು ಕಲಿಸ್ಬೇಕು. ನೀ ಕಸಬರಿಗಿ ಇಡು, ನಾಳಿಂದ ಪೆನ್ನು ಹಿಡಿ."

ಆ ಒಂದು ಮಾತಿಗೆ ಸುವರ್ಣಾ ಅವರನ್ನು ದೇವರ ಜಗುಲಿಯ ಮೇಲೆ ಇಟ್ಟಳು. ನಲವತ್ತು ದಿನದ ಟ್ರೇನಿಂಗ್ ಆಯಿತು. ಸರ್ ಹೇಳಿದ್ದನ್ನೆಲ್ಲ ಆಕೆ ಒಂದು ವಹಿಯಲ್ಲಿ ದುಂಡನೆ ಅಕ್ಷರದಲ್ಲಿ ಬರೆದಿಟ್ಟುಕೊಂಡಳು. ಸಿಟ್ಟು ಬಂತು ಅಂತ ಬರೆಯಬಾರದು, ಸಿಟ್ಟು ಯಾರಿಗೂ ಕಾಣುವುದಿಲ್ಲ. ಮುಂಗೈ ಮೂರು ಸಲ ಕಚ್ಚಿಕೊಂಡಳು ಅಂತ ಬರೆಯಬೇಕು. ಮಗು ಏನು ಮಾಡಿದರೂ ಅದರ ಹಿಂದೆ ಒಂದು ಬೇಕು ಇರುತ್ತದೆ: ಒಂದು ವಸ್ತು ಬೇಕು, ಒಂದರಿಂದ ಪಾರಾಗಬೇಕು, ಯಾರಾದರೂ ನೋಡಬೇಕು, ಇಲ್ಲವೇ ಮೈಗೆ ಹಿತವಾಗಬೇಕು. ಮಾಡಿದ ಮೇಲೆ ಸಿಕ್ಕದ್ದು ಬೇಕಾದದ್ದೇ ಆದರೆ ಆ ನಡತೆ ಬೇರು ಬಿಡುತ್ತದೆ. ಸಿಗುವುದು ನಿಂತರೆ ಒಣಗುತ್ತದೆ. ಆದರೆ ಒಣಗುವ ಮುಂಚೆ ಒಮ್ಮೆ ಜೋರಾಗುತ್ತದೆ, ಹೆದರಬಾರದು. ಕಲಿಸುವಾಗ ಮೊದಲು ಕೈ ಹಿಡಿದು ಮಾಡಿಸು, ಆಮೇಲೆ ಮೊಳಕೈ ಮುಟ್ಟು, ಆಮೇಲೆ ಮುಟ್ಟದೆ ಕಾಯಿ. ಕಾಯುವುದೇ ಕಠಿಣ.

ಎಣಿಸುವುದಕ್ಕೆ ಸೆಂಟರಿನಲ್ಲಿ ಗುಂಡಿ ಒತ್ತುವ ಯಂತ್ರ ಇತ್ತು. ಅದರ ಟಿಕ್ ಸಪ್ಪಳಕ್ಕೆ ಮಕ್ಕಳು ತಿರುಗಿ ನೋಡುತ್ತಿದ್ದವು. ಸುವರ್ಣಾ ತನ್ನ ತಾಯಿಯ ಎಲೆಅಡಿಕೆಯ ಸಂಚಿ ತಂದಳು. ಎರಡು ಖಾನೆಯ ಬಟ್ಟೆಯ ಸಂಚಿ. ಒಂದು ಖಾನೆಯಲ್ಲಿ ತೊಗರಿ ಕಾಳು ತುಂಬಿಕೊಂಡು ಸೊಂಟಕ್ಕೆ ಸಿಗಿಸಿಕೊಳ್ಳುವಳು. ಮಗು ಒಂದು ಸಲ ಕಚ್ಚಿಕೊಂಡರೆ ಎಡಗೈ ಬೆರಳಿನಿಂದ ಒಂದು ಕಾಳು ಆಚೆ ಖಾನೆಗೆ. ಸಪ್ಪಳಿಲ್ಲ. ಜೊತೆಗೆ ಕೆಲಸ ಮಾಡುವ ನಜಮುನ್ನಿಸಾ ನಗುತ್ತಿದ್ದಳು, "ಅಕ್ಕಾ, ಸಂಜಿಗೆ ಆ ಕಾಳಿಂದ ಬ್ಯಾಳಿ ಮಾಡಿಬಿಡು. ಇವತ್ತು ಎಷ್ಟು ಜನಕ್ಕ ಊಟ ಆಗ್ತದ?"

"ಇವತ್ತು ಬೀಗರ ಊಟ," ಅನ್ನುವಳು ಸುವರ್ಣಾ. "ಕಚ್ಚಿದ್ದೇ ಕಚ್ಚಿದ್ದು."

ಹಾಗೆ ಸಂಚಿ ತುಂಬಿಸುತ್ತಿದ್ದವಳು ಶಾಂಭವಿ. ಕೊಳಕೂರಿನ ಹುಡುಗಿ, ಏಳು ವರ್ಷ. ಸಂಕ್ರಾಂತಿ ಮುಗಿದ ವಾರ ತಾಯಿ ಸುನಿತಾ ಕರೆದುಕೊಂಡು ಬಂದಿದ್ದಳು. ಎಡ ಮುಂಗೈ ಮೇಲೆ ಚರ್ಮ ಕಪ್ಪಗೆ, ದಪ್ಪಗೆ, ಎತ್ತಿನ ಹೆಗಲಿನ ಹಾಗೆ ಆಗಿತ್ತು. ದಿನಕ್ಕೆ ಮೂವತ್ತು ಸಲ ಕಚ್ಚಿಕೊಳ್ಳುವಳು. ತಲೆ ಬಾಚಲು ಇಬ್ಬರು ಹಿಡಿಯಬೇಕಿತ್ತು. ಸುನಿತಾ ಸೆರಗಿನಿಂದ ಮಗಳ ಕೈ ಮುಚ್ಚಿ, "ಮಂದಿ ನೋಡಿದ್ರ ನಾವೇ ಬರೆ ಹಾಕೀವಿ ಅಂತಾರ ಅಕ್ಕೋರ," ಅಂದಳು.

ಸೆಂಟರಿನ ಪುಸ್ತಕದ ಪ್ರಕಾರ ಮಗುವಿಗೆ ಚಿತ್ರದ ಚೀಟಿ ಕೊಟ್ಟು ಕಲಿಸಬೇಕಿತ್ತು: ಬೇಡವಾದಾಗ ಮಗು ಆ ಚೀಟಿ ತಿರುಗಿ ಕೊಟ್ಟರೆ ಕೆಲಸ ನಿಲ್ಲುತ್ತದೆ. ಶಾಂಭವಿ ಚೀಟಿ ಹರಿದು ಹಾಕಿದಳು. ಆಗ ಸರ್ ಸುವರ್ಣಾಳಿಗೆ, "ಮನಿಗಿ ಹೋಗಿ ನೋಡು. ಏನೂ ಮಾಡಬ್ಯಾಡ, ಖಾಲಿ ನೋಡು," ಅಂದರು.

ಸುವರ್ಣಾ ಗಂಡನ ಟಂಟಂ ಹತ್ತಿ ಕೊಳಕೂರಿಗೆ ಹೋದಳು. ಅಡಿಗೆಮನೆಯಲ್ಲಿ ಶಾಂಭವಿಯ ಆಯಿ, ಅಪ್ಪನ ತಾಯಿ ನಿಂಬೆವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಗಟ್ಟಿ ಮುದುಕಿ, ಹಣೆ ತುಂಬ ವಿಭೂತಿ; ಆಕೆ ರೊಟ್ಟಿ ಬಡಿದರೆ ಓಣಿಗೆ ಕೇಳಬೇಕು. ತಟ್ ತಟ್ ತಟ್ ತಟ್. ಶಾಂಭವಿ ಹೊಸ್ತಿಲ ಮೇಲೆ ಬಂದು ನಿಂತಳು. ಕೈ ಬಾಯಿಗೆ ಹೋಯಿತು. ಕಚ್ಚುತ್ತಾಳೆ ಅಂದುಕೊಂಡು ಸುವರ್ಣಾ ಕಾಳು ಹಿಡಿದಳು. ಕಚ್ಚಲಿಲ್ಲ. ಮೆಲ್ಲಗೆ ಬಂದು ಆಯಿಯ ಹಿಟ್ಟಿನ ಮುಂಗೈ ಮೇಲೆ ಅಂಗೈ ಇಟ್ಟಳು. ನಿಂಬೆವ್ವ ನಿಲ್ಲಿಸಿದಳು. ಶಾಂಭವಿ ಉಸಿರು ಬಿಟ್ಟು ಹೊರಗೆ ಹೋದಳು.

"ಆಯಿ, ಇದು ಎಷ್ಟ್ ದಿನದಿಂದ?"

"ಏನು, ಕೈ ಇಡೋದೇನ್ ಬೇ? ಹುಟ್ಟಿದಾಗಿಂದ ಅದ. ನನ್ನ ಸಪ್ಪಳ ಆಕಿಗಿ ಆಗಂಗಿಲ್ಲ. ಒಮ್ಮೊಮ್ಮಿ ನಿಂದರಸ್ತೀನಿ, ಒಮ್ಮೊಮ್ಮಿ ಇಲ್ಲ. ದಿನಾ ನಿಂದರಸ್ಕೋತ ಕುಂತ್ರ ಹೊಲಕ್ಕ ಬುತ್ತಿ ಯಾರ್ ಒಯ್ಯಬೇಕು, ನಿಮ್ಮ ಸರ್ ಒಯ್ತಾರೇನು?"

"ನಿಂದರಸದ ದಿನ ಏನ್ ಮಾಡ್ತಾಳ?"

ನಿಂಬೆವ್ವ ಹಿಟ್ಟಿನ ಕೈಯಿಂದಲೇ ತನ್ನ ಮುಂಗೈ ತೋರಿಸಿದಳು. ಕಚ್ಚಿಕೊಳ್ಳುತ್ತಾಳೆ.

ಆ ದಿನ ಸುವರ್ಣಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಗು ಆಗಲೇ ಮಾತಾಡುತ್ತಿತ್ತು. ಕೇಳಿದರೆ ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಕಚ್ಚಿಕೊಂಡರೆ ಮಾತ್ರ ತಪ್ಪದೆ ಸಿಗುತ್ತದೆ, ಓಡಿ ಬರುತ್ತಾರೆ, ಎಲ್ಲ ನಿಲ್ಲಿಸುತ್ತಾರೆ. ಹಾಗಿದ್ದ ಮೇಲೆ ಯಾವುದನ್ನು ಕಲಿಯಬೇಕು ಕೂಸು? ಸೆಂಟರಿಗೆ ಬಂದು ಸರ್ ಮುಂದೆ ಹೇಳಿದಳು. ಸರ್ ಕುರ್ಚಿ ಬಿಟ್ಟು ಎದ್ದರು. "ಚೀಟಿ ತೆಗಿ. ಆಕಿ ಕೈಯೇ ಆಕಿ ಮಾತು. ಇನ್ಮ್ಯಾಲ ಆ ಕೈ ಇಟ್ಟಾಗೆಲ್ಲ ನಿಂದರಸ್ಬೇಕು. ಮನ್ಯಾಗ, ಸೆಂಟರಿನ್ಯಾಗ, ಯಾರಿದ್ರೂ. ಮಗು ಬ್ಯಾಡ ಅಂದಾಗ ನಾವು ಕೇಳಿದ ದಿನ, ಅವತ್ತು ನಮ್ಮ ಪಾಠ ಶುರು ಆಗ್ತದ, ಸುವರ್ಣಾ." ಆಕೆ ಆ ಮಾತನ್ನೂ ಬರೆದಿಟ್ಟುಕೊಂಡಳು.

ಕಠಿಣವಾದದ್ದು ಶಾಂಭವಿಗೆ ಕಲಿಸುವುದಲ್ಲ, ಮನೆಯವರಿಗೆ ಕಲಿಸುವುದು. ಮೊದಲ ಸಾಕಿಗೇ ನಿಲ್ಲಿಸುವುದು ನಿಂಬೆವ್ವನ ಜನ್ಮದಲ್ಲಿ ಇರಲಿಲ್ಲ. ಸುವರ್ಣಾ ಊಟಕ್ಕೆ ಕೂತ ದಿನ ಎರಡು ರೊಟ್ಟಿ, ಪುಂಡಿಪಲ್ಲೆ, ಶೇಂಗಾಹಿಂಡಿ ಆಯಿತು. "ಸಾಕ್ರಿ ಆಯಿ," ಅಂದಳು. ಮೂರನೆಯದು ಬಿತ್ತು. "ಖರೇನೇ ಸಾಕು." ನಾಲ್ಕನೆಯದನ್ನು ನಿಂಬೆವ್ವ ಎತ್ತಿದಳು.

ಸುವರ್ಣಾ ಮುದುಕಿಯ ಮುಂಗೈ ಮೇಲೆ ಅಂಗೈ ಇಟ್ಟಳು.

ನಿಂಬೆವ್ವನ ಕೈ ಗಾಳಿಯಲ್ಲೇ ನಿಂತಿತು. ರೊಟ್ಟಿಯನ್ನೂ ನೋಡಿದಳು, ಕೈಯನ್ನೂ ನೋಡಿದಳು. "ಎಲಾ ಇವಳ! ನನ್ನ ಮೊಮ್ಮಗಳ ವಿದ್ಯೆ ನನಗೇ ತೋರಸಾಕತ್ತೀ?" ಅಂದು ರೊಟ್ಟಿ ಬುಟ್ಟಿಗೆ ಹಾಕಿದಳು. ನಗು ತಡೆಯಲಾಗದೆ ಸುನಿತಾ ಸೆರಗು ಬಾಯಿಗೆ ಹಿಡಿದಳು. "ಆದ್ರ ನೀ ಉಪಾಸ ಹೋದಿ ಅಂತ ಊರಾಗ ಯಾರರೆ ಅಂದ್ರ ನಿನ್ನ ಹೆಸರು ಹೇಳ್ತೀನಿ ನೋಡು."

"ಹೇಳ್ರಿ ಆಯಿ. ಇನ್ನೊಂದು ಮಾತು. ಆ ಸಪ್ಪಳ ಆಗದಿದ್ರ, ಲಟ್ಟಿಸಬಾರದೇನ್ರಿ ರೊಟ್ಟಿ? ಲಟ್ಟಣಿಗಿಲೆ ಸಪ್ಪಳ ಆಗಂಗಿಲ್ಲ."

ನಿಂಬೆವ್ವ ಹೌಹಾರಿದಳು. "ಲಟ್ಟಿಸಿದ್ದು ರೊಟ್ಟಿ ಅಲ್ಲ ಬೇ. ಅದು ಕಾಗದ. ನನ್ನ ಕೈ ಇರೋತನ ಈ ಮನ್ಯಾಗ ಕಾಗದ ತಿನ್ನಂಗಿಲ್ಲ ಯಾರೂ."

ಆದರೂ ಮುದುಕಿ ಮಾತಿಗೆ ನಿಂತಳು. ಕೈ ಬಿದ್ದಾಗೆಲ್ಲ ನಿಲ್ಲಿಸಿದಳು, ಹತ್ತು ಎಣಿಸಿದಳು, ಮತ್ತೆ ಬಡಿದಳು. ರೊಟ್ಟಿ ತಡವಾದವು, ಹೊಲಕ್ಕೆ ಬುತ್ತಿ ತಡವಾಯಿತು, ಯಾರೂ ಸಾಯಲಿಲ್ಲ. ಸೆಂಟರಿನಲ್ಲೂ ಅದೇ. ಶಾಂಭವಿ ಕೈ ಇಟ್ಟರೆ ಸುವರ್ಣಾ ಆ ಕ್ಷಣಕ್ಕೆ ನಿಲ್ಲಿಸುವಳು, ಹತ್ತು ಎಣಿಸುವಳು. ಹುಡುಗಿ ತಾನಾಗಿ ತಿರುಗಿ ಬರುವಳು. ಆಷಾಢದ ಹೊತ್ತಿಗೆ ಸಂಚಿಯ ಆಚೆ ಖಾನೆಯಲ್ಲಿ ದಿನಕ್ಕೆ ಎರಡು ಕಾಳು, ಒಮ್ಮೊಮ್ಮೆ ಒಂದು. ಮುಂಗೈಯ ಕಪ್ಪು ಸುಲಿದು ಕೆಳಗೆ ಗುಲಾಬಿ ಚರ್ಮ ಬಂದಿತ್ತು. ಒಂದು ಮುಂಜಾನೆ ಸುನಿತಾ ಫೋನ್ ಮಾಡಿದಳು, ಮಾತಿಗಿಂತ ಅಳು ಮುಂದೆ. ತಲೆ ಬಾಚುತ್ತಿದ್ದಳಂತೆ. ಮಗಳು ಕೈ ಇಟ್ಟಳಂತೆ. ನಿಲ್ಲಿಸಿದಳಂತೆ. ಆಮೇಲೆ ಶಾಂಭವಿ ತಾನೇ ಹಣಿಗೆ ಎತ್ತಿ ತಾಯಿಯ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕೂತಳಂತೆ. "ತಾನೇ ಕುಂತಳ್ರಿ ಅಕ್ಕೋರ. ಎರಡೂ ಜಡಿ ಹಾಕ್ಕೊಂಡಳು."

ಶ್ರಾವಣದ ಮೊದಲ ವಾರ ಸರ್ ಹೇಳಿದರು, ಹೊರಗಿನಿಂದ ದೊಡ್ಡ ಮಂದಿ ಬರುತ್ತಾರೆ, ಅವರು ದುಡ್ಡು ಕೊಟ್ಟರೆ ಸೆಂಟರಿಗೆ ಸ್ವಂತ ಕಟ್ಟಡ ಆಗುವ ಮಾತಿದೆ, ಒಂದು ಮಗುವಿನ ಕೆಲಸ ತೋರಿಸಬೇಕು. ಶಾಂಭವಿ ಮಣಿ ಪೋಣಿಸಲಿ.

"ಸರ್, ಹೊಸ ಮಂದಿ, ಗದ್ದಲ. ಐದು ಮಿನಿಟಿಗೆ ಸಾಕು ಅಂತಾಳ."

"ಅಂದ್ರ ಬಿಡು. ಅದನ್ನೇ ತೋರಸೋಣ. ಹಿಂದ ಕಚ್ಕೊಳ್ತಿದ್ದಳು, ಈಗ ಸಾಕು ಅಂತ ಹೇಳ್ತಾಳ. ಅದಕ್ಕಿಂತ ದೊಡ್ಡದು ಏನದ ತೋರಸಾಕ? ಆಕಿ ಕೈ ಇಟ್ರ ಎಬ್ಬಸ್ಕೊಂಡು ಹೋಗು. ನನ್ನ ಮಾತು."

ಆ ಮಾತನ್ನು ನಂಬಿ ಸುವರ್ಣಾ ಸುನಿತಾಳಿಗೆ ಮಾತು ಕೊಟ್ಟಳು. ಸುನಿತಾಳಿಗೆ ಮನಸ್ಸಿರಲಿಲ್ಲ. "ನೀವು ಬಾಜೂಕ ಇರ್ತೀರಲ್ಲ ಅಕ್ಕೋರ, ಆತು," ಅಂದಳು.

ಬಂದವರು ಹನ್ನೆರಡು ಮಂದಿ. ಗೋಡೆಗುಂಟ ಕುರ್ಚಿ, ಕೈಯಲ್ಲಿ ಫೋನು, ಒಂದು ದೊಡ್ಡ ಲೈಟು. ರೋಡಿನ ಲಾರಿ ಸಪ್ಪಳ ಬೇರೆ. ಸುನಿತಾ ಬಾಗಿಲ ಬಳಿ ನಿಂತಿದ್ದಳು. ಸುವರ್ಣಾ ಶಾಂಭವಿಯ ಬಲಗೈ ಹಿಡಿದು ಮಣಿ ಪೋಣಿಸಲು ಶುರು ಮಾಡಿದಳು. ಕೆಂಪು, ಹಳದಿ, ಕೆಂಪು. ನಾಲ್ಕು ಮಿನಿಟಿಗೆ ಹುಡುಗಿಯ ಎಡಗೈ ಬಂತು. ಬೆಚ್ಚಗೆ ಮುಂಗೈ ಮೇಲೆ ಕೂತಿತು.

ಸುವರ್ಣಾ ದಾರ ಕೆಳಗಿಟ್ಟಳು. ಏಳಲು ಕಾಲು ಮಡಿಚಿದಳು.

ಹಿಂದಿನಿಂದ ಸರ್ ದನಿ ಬಂತು, ಮೆತ್ತಗೆ, ಆಕೆಗಷ್ಟೇ ಕೇಳುವ ಹಾಗೆ: "ಎಬ್ಬಸಬ್ಯಾಡ. ಕೈ ಹಿಡದು ಮಾಡ್ಸು." ಆಮೇಲೆ ದನಿ ಎತ್ತಿ ಬಂದವರಿಗೆ ಹೇಳಿದರು, "ನೋಡ್ರಿ, ಟೀಚರ್ ಮೇಲೆ ಎಷ್ಟು ಪ್ರೀತಿ. ಮಾತು ಬರುವುದಿಲ್ಲ, ಹೀಗೆ ಕೈ ಇಟ್ಟು ಪ್ರೀತಿ ತೋರಿಸ್ತಾಳೆ."

ಹನ್ನೆರಡೂ ಮಂದಿ ಅಯ್ಯೋ ಪಾಪ ಎಂದು ಕರಗಿದರು. ಒಬ್ಬಾಕೆ ಫೋನು ಇನ್ನೂ ಹತ್ತಿರ ತಂದಳು.

ಸುವರ್ಣಾ ಏಳಬಹುದಿತ್ತು. ಅದನ್ನು ಆಕೆ ಇವತ್ತಿಗೂ ಮರೆಮಾಚುವುದಿಲ್ಲ. ಕಾಲು ಇದ್ದವು, ಬಾಗಿಲು ಇತ್ತು. ಆದರೆ ಕಸಬರಿಗೆ ಕೈಯಿಂದ ತೆಗೆದು ಪೆನ್ನು ಕೊಟ್ಟ ಮನುಷ್ಯ ಹಿಂದೆ ನಿಂತಿದ್ದ, ಬಂದ ಮಂದಿ ಮುಂದೆ ಕೂತಿದ್ದರು. ಆಕೆ ಇನ್ನೊಂದು ಮಣಿ ಎತ್ತಿದಳು. ಎಡಗೈ ಬೆರಳು ರೂಢಿಯ ಮೇಲೆ ಸಂಚಿಗೆ ಹೋಗಿ ಒಂದು ಕಾಳು ಆಚೆ ಹಾಕಿತು.

ಶಾಂಭವಿ ಮತ್ತೆ ಕೈ ಇಟ್ಟಳು. ಮತ್ತೆ. ಆರನೆಯ ಸಲ ಒತ್ತಿ ಇಟ್ಟಳು. ಹತ್ತನೆಯ ಸಲ ಇಟ್ಟು ಮುಖ ನೋಡಿದಳು. ಮುಖ ನೋಡದ ಹುಡುಗಿ, ಕಣ್ಣಿಗೆ ಕಣ್ಣು ಕೊಟ್ಟು ನೋಡಿದಳು. ಆಮೇಲೆ ಬಿಡದೆ, ಒಂದರ ಮೇಲೊಂದು, ಚಪ್ ಚಪ್ ಚಪ್. ಇದು ಏನು ಅಂತ ಸುವರ್ಣಾಳಿಗೆ ಗೊತ್ತಿತ್ತು, ಆಕೆಯ ವಹಿಯಲ್ಲೇ ದುಂಡನೆ ಅಕ್ಷರದಲ್ಲಿ ಇತ್ತು: ಒಣಗುವ ಮುಂಚೆ ಒಮ್ಮೆ ಜೋರಾಗುತ್ತದೆ. ಹತ್ತೊಂಬತ್ತನೆಯದು ಹಗುರವಾಗಿತ್ತು, ಮುಟ್ಟಿತೋ ಇಲ್ಲವೋ ಅನ್ನುವ ಹಾಗೆ. ಆಮೇಲೆ ಆ ಕೈ ಹುಡುಗಿಯ ತೊಡೆಯ ಕೆಳಗೆ ಹೋಗಿ ಕೂತಿತು. ಶಾಂಭವಿ ಅಳಲಿಲ್ಲ, ಕಚ್ಚಿಕೊಳ್ಳಲಿಲ್ಲ. ಬಟ್ಟೆಗೊಂಬೆಯ ಹಾಗೆ ಬಲಗೈ ಬಿಟ್ಟುಕೊಟ್ಟಳು. ಮಣಿಯೆಲ್ಲ ಪೋಣಿಸಿ ಆಯಿತು. ಹದಿನೈದು ಮಿನಿಟು. ಮಂದಿ ಚಪ್ಪಾಳೆ ಹೊಡೆದರು.

ಸುನಿತಾ ಬಾಗಿಲಿಂದ ಒಳಗೆ ಬಂದಳು. ಮಗಳನ್ನು ಎತ್ತಿಕೊಂಡು ಹೋದಳು. ಮೆಟ್ಟಿಲು ಇಳಿಯುವಾಗ ಶಾಂಭವಿ ಗುಲಾಬಿ ಚರ್ಮಕ್ಕೆ ಬಾಯಿ ಹಾಕಿದಳು. ಗೊಬ್ಬರದಂಗಡಿಯ ಮುಂದೆ ನಾಲ್ಕು ಹನಿ ರಕ್ತ ಬಿದ್ದದ್ದನ್ನು ನಜಮುನ್ನಿಸಾ ನೀರು ಹಾಕಿ ತೊಳೆದಳು.

ಮಂದಿ ಹೋದ ಮೇಲೆ ಸುವರ್ಣಾ ಕೇಳಿದಳು. "ಮಾತು ಕೊಟ್ಟಿದ್ರಿ ಸರ್."

"ಕೊಟ್ಟಿದ್ದೆ. ನಾಕು ಮಿನಿಟಿಗೆ ಎಬ್ಬಸಿದ್ರ ಬಂದವರು ಏನಂತಿದ್ರು? ಒಂದಿನಕ್ಕ ಏನಾಗಂಗಿಲ್ಲ ಸುವರ್ಣಾ. ಊಟಕ್ಕ ಕುಂತಾಗ ನಾವು ಒಂದು ಸಾಕಿಗಿ ಬಿಡ್ತೀವೇನು? ಮನಿ ಮಾತ್ನೇ ತೊಗೋ."

"ಪ್ರೀತಿ ಅಂದ್ರಲ್ಲ ಸರ್, ಆ ಕೈಗೆ."

"ಅವರಿಗೇನು ತಿಳೀತದ ಬಿಡು. ಫಾರ್ಮ್ ಬರಿ. ಹದಿನೈದು ಮಿನಿಟು ಕುಂತಳು, ಕಚ್ಕೊಂಡಿಲ್ಲ. ಅಷ್ಟೇ ಬರಿ."

ಎರಡೂ ಖರೆ. ಅದೇ ಸಂಕಟ. ಸುವರ್ಣಾ ಎರಡನ್ನೂ ಬರೆದಳು. ಅದರ ಕೆಳಗೆ ಮೂರನೆಯ ಸಾಲು ಬರೆದಳು: ಹತ್ತೊಂಬತ್ತು ಸಲ ಸಾಕು ಅಂದಳು, ಸುವರ್ಣಾ ಕೇಳಲಿಲ್ಲ. ಸರ್ ಓದಿ, ಆ ಫಾರ್ಮನ್ನು ಮಡಚಿ ಜೇಬಿಗೆ ಇಟ್ಟುಕೊಂಡು, ಹೊಸದೊಂದು ಕೊಟ್ಟರು. ಆಕೆ ಅದನ್ನು ಮುಟ್ಟದೆ ಎದ್ದಳು.

ಹತ್ತು ದಿನ ಶಾಂಭವಿ ಬರಲಿಲ್ಲ. ಅಷ್ಟರಲ್ಲಿ ಆ ವಿಡಿಯೋ ಜೇವರ್ಗಿಯ ಫೋನುಗಳಲ್ಲೆಲ್ಲ ಓಡಾಡಿತು. ಹಾಲು ಹಾಕುವವಳು ನಿಂತು ಹೇಳಿದಳು, "ನೋಡಿದ್ನಿ ಬೇ ಸುವರ್ಣಾ, ಎಷ್ಟ್ ಹಚ್ಕೊಂಡದ ನಿನ್ನ ಆ ಕೂಸು! ಕೈ ಬಿಡವಲ್ದು!" ಸುವರ್ಣಾ ಹಾಲಿನ ಪಾತ್ರೆ ಹಿಡಿದು ಹೂಂ ಅಂದಳು. ಶಂಕರಲಿಂಗನ ಟಂಟಂನಲ್ಲಿ ಕೂತವರು ಅವನಿಗೆ ಪೇಡೆ ಕೇಳಿದರು. ನಜಮುನ್ನಿಸಾ ಮಾತ್ರ ಆ ವಿಡಿಯೋ ತೆರೆಯಲಿಲ್ಲ. "ಕಸಮ್ ಅಕ್ಕಾ, ನನಗ ಆ ಕೈ ಮಾತು ಗೊತ್ತದ. ನೋಡಾಕ ಆಗಂಗಿಲ್ಲ."

ಹನ್ನೊಂದನೆಯ ದಿನ ಸುವರ್ಣಾ ತಾನೇ ಕೊಳಕೂರಿಗೆ ಹೋದಳು. ಸುನಿತಾ ಬಾಗಿಲಿಗೆ ಅಡ್ಡ ನಿಂತಳು. ಅಕ್ಕೋರ ಅನ್ನಲಿಲ್ಲ.

"ಯಾಕ ಬಂದಿರಿ? ಇನ್ನೊಂದು ವಿಡಿಯೋ ಬೇಕಾಗಿತ್ತೇನು?"

"ತಂಗಿ, ನಾ..."

"ನಾ ಸರ್‌ಗ ಫೋನ್ ಮಾಡಿ ಕೇಳಿದ್ನಿ. ಕೈ ಇಟ್ರ ನಿಂದರಸ್ಬೇಕು ಅಂತ ಅವರಿಗಿ ಗೊತ್ತೇ ಇರಲಿಲ್ಲಂತ. ಸುವರ್ಣಾ ನನಗ ಹೇಳಿರಲಿಲ್ಲ, ಹೊಸಾ ಹುಡುಗಿ, ಅನುಭವ ಇಲ್ಲ ಅಂದ್ರು. ನೀವು ನಮ್ಮ ಅಡಿಗಿಮನ್ಯಾಗ ಕುಂತು ನಮ್ಮ ಅತ್ತಿ ಕೈ ಹಿಡದು ಕಲಿಸಿದ್ರಿ. ಸರ್‌ಗ ಹೇಳಲಿಲ್ಲ?"

ಆಕಿ ಕೈಯೇ ಆಕಿ ಮಾತು, ಅಂದವರು ಅವರೇ. ಕುರ್ಚಿ ಬಿಟ್ಟು ಎದ್ದು ಅಂದಿದ್ದರು. ಸುವರ್ಣಾ ಅದನ್ನು ಈಗ ಹೇಳಬಹುದಿತ್ತು, ವಹಿ ತೆರೆದು ತೋರಿಸಬಹುದಿತ್ತು. ಆದರೆ ಸುನಿತಾಳ ಹಿಂದೆ, ಪಡಸಾಲೆಯ ಕಂಬದ ಬುಡದಲ್ಲಿ ಶಾಂಭವಿ ಕೂತದ್ದು ಕಂಡಿತು. ಎರಡೂ ಕೈ ತೊಡೆಯ ಕೆಳಗೆ. ಎಡ ಮುಂಗೈಗೆ ಬಟ್ಟೆ ಸುತ್ತಿತ್ತು.

"ಸರ್‌ಗ ಗೊತ್ತಿತ್ತು," ಅಂದಳು ಸುವರ್ಣಾ. "ಆದ್ರ ಆಕಿ ಕೈ ಇಟ್ಟದ್ದು ಸರ್ ಮ್ಯಾಲ ಅಲ್ಲ ತಂಗಿ. ನನ್ನ ಮ್ಯಾಲ."

ಸುನಿತಾ ಅಳುತ್ತ ಒಳಗೆ ಹೋದಳು. ಬಾಗಿಲು ಮಾತ್ರ ಹಾಕಲಿಲ್ಲ. ಅಡಿಗೆಮನೆಯಿಂದ ನಿಂಬೆವ್ವ ಕೂಗಿದಳು, "ಹೊರಗ ನಿಂತು ಊರಿಗಿ ಕಥಿ ಹೇಳಬ್ಯಾಡ್ರಿ. ಒಳಗ ಬಾ ಬೇ. ಕೆಡಿಸಿದಾಕಿ ನೀನೇ, ಕುಂತು ನೆಟ್ಟಗ ಮಾಡು."

ಮರುದಿನ ಸುವರ್ಣಾ ಸೆಂಟರಿನ ಬೀಗದ ಕೈ ನಜಮುನ್ನಿಸಾಳ ಕೈಗೆ ಕೊಟ್ಟು ಕೆಲಸ ಬಿಟ್ಟಳು. ಸೋಮವಾರ, ಗುರುವಾರ ಕೊಳಕೂರಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಯಾರೂ ಕರೆಯುವುದಿಲ್ಲ, ಯಾರೂ ಬೇಡ ಅನ್ನುವುದಿಲ್ಲ. ಆ ಕೈ ಇನ್ನೂ ಬದುಕಿದೆಯೋ ಇಲ್ಲವೋ, ಅದಷ್ಟೇ ಆಕೆಗೆ ತಿಳಿಯಬೇಕಿತ್ತು. ಮೂರು ವಾರ ಆ ಹುಡುಗಿ ಯಾರ ಮುಂಗೈಯನ್ನೂ ಮುಟ್ಟಲಿಲ್ಲ, ಆಯಿಯದನ್ನೂ ಇಲ್ಲ. ಬೇಡವಾದಾಗ ನೇರ ಕಚ್ಚಿಕೊಳ್ಳುವಳು. ಸುವರ್ಣಾ ಮನೆಯವರಿಗೆ ಒಂದೇ ಹೇಳಿದಳು: ತೊಡೆಯ ಕೆಳಗಿಂದ ಕೈ ಒಂದು ಬೆರಳಷ್ಟು ಹೊರಬಂದರೂ ಸಾಕು, ಆ ಗಳಿಗೆಗೆ ಎಲ್ಲ ನಿಲ್ಲಿಸ್ರಿ. ಸುನಿತಾ ಮುಖ ಕೊಡದೆ ಕೇಳಿಸಿಕೊಂಡಳು. ಆದರೆ ಹಾಗೇ ಮಾಡಿದಳು.

ನಾಲ್ಕನೆಯ ವಾರದ ಗುರುವಾರ ನಿಂಬೆವ್ವನ ರಟ್ಟೆ ಹಿಡಿದಿತ್ತು. "ಇವತ್ತು ನೀನೇ ಬಡಿ," ಅಂದು ಮುದುಕಿ ಒಲೆಯ ಬಾಜೂ ಸರಿದು ಉರಿ ನೋಡುತ್ತ ಕೂತಳು. ಸುವರ್ಣಾ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದಳು. ಬಡಿಯತೊಡಗಿದಳು. ತಟ್ ತಟ್ ತಟ್. ನಿಲ್ಲಿಸಿದಳು, ಹತ್ತು ಎಣಿಸಿದಳು. ಮತ್ತೆ ತಟ್ ತಟ್. ಶಾಂಭವಿ ಹೊಸ್ತಿಲ ಮೇಲೆ ಬಂದು ನಿಂತಳು. ಸುವರ್ಣಾ ತಲೆ ಎತ್ತಲಿಲ್ಲ. ಬಲ ಮುಂಗೈಯನ್ನು ಹುಡುಗಿಯ ಕಡೆಗೆ ಚೂರು ಸರಿಸಿ ಇಟ್ಟಳು. ಇಡು, ನನ್ನವ್ವ. ಒಂದು ಸಲ ಇಡು.

ಶಾಂಭವಿ ಒಳಗೆ ಬಂದಳು. ಸುವರ್ಣಾಳನ್ನು ಬಳಸಿಕೊಂಡು, ಸೆರಗೂ ತಾಕದ ಹಾಗೆ ಗೋಡೆಗುಂಟ ನಡೆದು ಆಚೆ ಹೋದಳು. ಸುಮ್ಮನೆ ಕೂತಿದ್ದ ಆಯಿಯ ಮುಂಗೈ ಮೇಲೆ ಅಂಗೈ ಇಟ್ಟಳು.

ನಿಂಬೆವ್ವ ಬಡಿಯುತ್ತಿರಲಿಲ್ಲ. ತನ್ನ ಕೈ ನೋಡಿದಳು, ಮೊಮ್ಮಗಳನ್ನು ನೋಡಿದಳು, ಆಮೇಲೆ ಸುವರ್ಣಾಳನ್ನು.

"ಸಾಕಂತ," ಅಂದಳು ಮುದುಕಿ, ಮೆಲ್ಲಗೆ. "ನಿನಗ ಹೇಳು ಅಂತ ನನಗ ಹೇಳಾಕತ್ಯಾಳ."

ಸುವರ್ಣಾ ಕೈ ಎತ್ತಿದಳು. ಬಾಗಿಲಲ್ಲಿ ಸುನಿತಾ ನಿಂತಿದ್ದಳು, ಬಾಯಿಗೆ ಸೆರಗು. ಶಾಂಭವಿ ಆಯಿಯ ಮಗ್ಗುಲಿಗೆ ಒರಗಿ, ಒಲೆಯ ಉರಿ ನೋಡುತ್ತ ಕೂತಳು. ಸುವರ್ಣಾಳ ಕಡೆಗೆ ಬೆನ್ನು.

ಹಿಟ್ಟು ಇನ್ನೂ ಎಂಟು ರೊಟ್ಟಿಯಷ್ಟು ಉಳಿದಿತ್ತು. ಹೊಲದಲ್ಲಿ ಮಂದಿ ಬುತ್ತಿ ಕಾಯುತ್ತಿದ್ದರು. ನಿಂಬೆವ್ವ ಕೈ ಚಾಚಿ, ಗೂಡಿನಲ್ಲಿ ಧೂಳು ತಿನ್ನುತ್ತಿದ್ದ ಲಟ್ಟಣಿಗೆ ತೆಗೆದು, ಸೆರಗಿನಿಂದ ಒರೆಸಿ, ಸುವರ್ಣಾಳ ಮುಂದೆ ಇಟ್ಟಳು. ಸುವರ್ಣಾ ಒಂದು ಉಂಡೆ ಮುರಿದಳು, ಒಣಹಿಟ್ಟು ಉದುರಿಸಿದಳು, ಅಂಚು ಸೀಳದ ಹಾಗೆ ಸಾವಕಾಶ ಲಟ್ಟಿಸಿದಳು. ಹಂಚಿನ ಮೇಲೆ ಹಾಕಿ, ಅರಿವೆ ನೀರಲ್ಲಿ ಅದ್ದಿ ಮೇಲೆ ಸವರಿದಳು. ನೀರು ಆರಿದ ಮೇಲೆ ತಿರುವಿ ಹಾಕಿ, ಎರಡನೆಯ ಉಂಡೆ ಮುರಿದಳು.